ವಿಲರ್ಡ್ ಹರ್ಸ್ಟ್ ಮಾರುಕಟ್ಟೆಯ ಪಕ್ಷಪಾತಿಯೇ, ವಿಮರ್ಶಕರೇ? ಅಮೆರಿಕದ ಕಾನೂನು ಚರಿತ್ರೆಯ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಎಲ್‌ಎಲ್‌.ಎಂ. ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಕಾನೂನು ಚರಿತ್ರೆಯ ಪತ್ರಿಕೆಗಾಗಿ ಅಮೆರಿಕದ ವಿದ್ವಾಂಸ ಜೇಮ್ಸ್ ವಿಲರ್ಡ್ ಹರ್ಸ್ಟ್ (1910–1997) ಅವರ ಬರವಣಿಗೆಯ ಮೇಲೆ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. 1956ರಲ್ಲಿ ಬಂದ ಅವರ ‘ಲಾ ಅಂಡ್ ದಿ ಕಂಡಿಷನ್ಸ್ ಆಫ್ ಫ್ರೀಡಂ’ ಎಂಬ ಸಣ್ಣ ಪುಸ್ತಕವನ್ನು ಎರಡು ಸಲ ಓದಿದ್ದೇನೆ, ಆದರೂ ಒಂದು ಮೂಲಭೂತ ಗೊಂದಲ ಬಗೆಹರಿದಿಲ್ಲ.

ಪುಸ್ತಕ ಶುರುವಾಗುವ ದೃಶ್ಯವೇ ನನ್ನನ್ನು ಹಿಡಿದು ನಿಲ್ಲಿಸಿತು. 1836ರ ಫೆಬ್ರುವರಿ ತಿಂಗಳು, ಮಿಷಿಗನ್ ಸರೋವರದ ದಂಡೆಯಲ್ಲಿ ಆಗಷ್ಟೇ ತಲೆಯೆತ್ತುತ್ತಿದ್ದ ಪೈಕ್ ಕ್ರೀಕ್ ಎಂಬ ಹಳ್ಳಿ. ಅಲ್ಲಿ ಪಾದ್ರಿಯೂ ಶಾಲಾ ಮಾಸ್ತರರೂ ವಸತಿಗೃಹದ ಮಾಲೀಕರೂ ಆಗಿದ್ದ ಜೇಸನ್ ಲಾಥ್ರಪ್ ಎಂಬವರು ತಾವೇ ಜೋಡಿಸಿದ ಒರಟು ಮುದ್ರಣಯಂತ್ರವನ್ನು ಕಡಿದ ಮರದ ಬುಡದ ಮೇಲಿಟ್ಟು, ತಾವೇ ಕಾಯಿಸಿದ ಶಾಯಿಯಿಂದ ಒಂದು ಕರಪತ್ರ ಅಚ್ಚು ಹಾಕುತ್ತಾರೆ. ಸರ್ಕಾರಿ ಜಮೀನಿನಲ್ಲಿ ಹಕ್ಕುಪತ್ರವಿಲ್ಲದೆ ಬಂದು ನೆಲೆಸಿದವರೆಲ್ಲ ಸೇರಿ, ತಮ್ಮ ತಮ್ಮ ಹಿಡುವಳಿಯನ್ನು ಪರಸ್ಪರ ಕಾಪಾಡಿಕೊಳ್ಳಲು ಕಟ್ಟಿಕೊಂಡ ಸಂಘದ ನಿಯಮಾವಳಿ ಅದು. ನಮ್ಮ ಕಂದಾಯ ಕಚೇರಿಯ ಮಾತಿನಲ್ಲಿ ಹೇಳುವುದಾದರೆ ಇವರೆಲ್ಲರೂ ಬಗರ್ ಹುಕುಂ ಸಾಗುವಳಿದಾರರು. ಕಾನೂನನ್ನು ಮುರಿದು ಕುಳಿತವರೇ ಕಾನೂನಿನ ಭಾಷೆಯಲ್ಲಿ ಸಂಘ ಕಟ್ಟುವ ಈ ಸಂಗತಿಯಿಂದ ಹರ್ಸ್ಟ್ ತಮ್ಮ ವಾದವನ್ನು ಬೆಳೆಸುತ್ತಾರೆ: ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ನರು ಕಾನೂನನ್ನು ಜನರ ದುಡಿಯುವ, ಕಟ್ಟುವ ಶಕ್ತಿಯನ್ನು ಬಿಡುಗಡೆ ಮಾಡುವ ಉಪಕರಣವಾಗಿ ಕಂಡರು, ಸುಮ್ಮನೆ ಬಿದ್ದಿರುವ ಆಸ್ತಿಗಿಂತ ಚಲನೆಯಲ್ಲಿರುವ ಆಸ್ತಿಗೆ ಹೆಚ್ಚು ರಕ್ಷಣೆ ಕೊಟ್ಟರು.

ನಮ್ಮ ಮಾರ್ಗದರ್ಶಕರ ಅಭಿಪ್ರಾಯದಲ್ಲಿ ಇದು ಮಾರುಕಟ್ಟೆಯನ್ನು ಕೊಂಡಾಡುವ ಬರಹ, ಶೀತಲ ಸಮರದ ಕಾಲದ ಆತ್ಮವಿಶ್ವಾಸದ ಫಲ. ಆದರೆ ಇದೇ ಹರ್ಸ್ಟ್ ಅವರನ್ನು ಕಾನೂನಿನ ಕುರುಡುತನವನ್ನು ಬಯಲಿಗೆಳೆದವರೆಂದು ಕರೆಯುವವರೂ ಇದ್ದಾರೆ. ಒಬ್ಬರೇ ಎರಡೂ ಆಗಿರಲು ಹೇಗೆ ಸಾಧ್ಯ? ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ಕಾನೂನು ಅಧ್ಯಾಪಕ, ಮೈಸೂರು

ನಿಮ್ಮ ಗೊಂದಲಕ್ಕೆ ಕಾರಣ ಸರಳವಾಗಿದೆ. 1956ರ ಪುಸ್ತಕ ಮೂಲತಃ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಮೂರು ಉಪನ್ಯಾಸಗಳು. ಎಲ್ಲರೂ ಅದನ್ನೇ ಓದುತ್ತಾರೆ, ಏಕೆಂದರೆ ಅದು ಚಿಕ್ಕದು. ಅವರ ನಿಜವಾದ ದುಡಿಮೆ ಇರುವುದು 1964ರಲ್ಲಿ ಪ್ರಕಟವಾದ ‘ಲಾ ಅಂಡ್ ಎಕನಾಮಿಕ್ ಗ್ರೋತ್’ ಎಂಬ ಬೃಹತ್ ಗ್ರಂಥದಲ್ಲಿ. 1836ರಿಂದ 1915ರವರೆಗೆ ವಿಸ್ಕಾನ್ಸಿನ್ ರಾಜ್ಯದ ನಾಟಾ ಉದ್ಯಮವನ್ನು ಕಾನೂನು ಹೇಗೆ ನಡೆಸಿತು, ಹೇಗೆ ನಡೆಸದೆ ಬಿಟ್ಟಿತು ಎಂಬುದರ ಚರಿತ್ರೆ ಅದು. ಅದನ್ನು ಓದದೆ ಹರ್ಸ್ಟ್ ಬಗ್ಗೆ ತೀರ್ಮಾನಕ್ಕೆ ಬರಬಾರದೆಂದು ಮೂವತ್ತು ವರ್ಷ ಪಾಠ ಮಾಡಿದ ನಂತರವೂ ನಾನು ಹೇಳುತ್ತೇನೆ.

ಮೊದಲು ಅವರ ಹಿನ್ನೆಲೆ. ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಹುಟ್ಟಿ, 1935ರಲ್ಲಿ ಹಾರ್ವರ್ಡ್‌ನಲ್ಲಿ ಕಾನೂನು ಪದವಿ ಪಡೆದು, ಅಲ್ಲಿಯ ಹೆಸರಾಂತ ಪ್ರಾಧ್ಯಾಪಕ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರಿಗೆ ಸಂಶೋಧನಾ ಸಹಾಯಕರಾಗಿದ್ದು, ಬಳಿಕ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಲೂಯಿಸ್ ಬ್ರಾಂಡೈಸ್ ಅವರ ಬಳಿ ಲಾ ಕ್ಲರ್ಕ್, ಅಂದರೆ ಕಾನೂನು ಸಹಾಯಕ, ಆಗಿ ಕೆಲಸ ಮಾಡಿದವರು ಅವರು. ಅಂಥವರಿಗೆ ಪೂರ್ವ ಕರಾವಳಿಯ ಯಾವ ಬಾಗಿಲೂ ಮುಚ್ಚಿರುತ್ತಿರಲಿಲ್ಲ. ಆದರೂ 1937ರಲ್ಲಿ ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದವರು ಅಲ್ಲಿಯೇ ಉಳಿದರು. ಆ ಕಾಲದ ಕಾನೂನು ಚರಿತ್ರೆಯೆಂದರೆ ಇಂಗ್ಲೆಂಡಿನ ಕಾಮನ್ ಲಾ (ನ್ಯಾಯಾಲಯದ ತೀರ್ಪುಗಳಿಂದ ಬೆಳೆದುಬಂದ ಕಾನೂನು) ಸಿದ್ಧಾಂತಗಳ ವಂಶಾವಳಿ, ದೊಡ್ಡ ನ್ಯಾಯಮೂರ್ತಿಗಳ ದೊಡ್ಡ ತೀರ್ಪುಗಳ ಸಾಲು. ಹರ್ಸ್ಟ್ ಕೇಳಿದ ಪ್ರಶ್ನೆ ಬೇರೆ. ಒಂದು ರಾಜ್ಯ, ಒಂದು ಉದ್ಯಮ, ಎಂಬತ್ತು ವರ್ಷ: ಇಷ್ಟನ್ನು ಹಿಡಿದುಕೊಂಡು, ಆ ಅವಧಿಯಲ್ಲಿ ಕಾನೂನು ಎಂಬ ಹೆಸರಿನಲ್ಲಿ ನಡೆದದ್ದೆಲ್ಲವನ್ನೂ, ಅಂದರೆ ವಿಧಾನಮಂಡಲದ ವಾರ್ಷಿಕ ಕಾಯ್ದೆಗಳು, ಅಣೆಕಟ್ಟಿಗೆ ಕೊಟ್ಟ ಸನ್ನದುಗಳು, ಜಮೀನು ಮಾರಾಟದ ನಿಯಮಗಳು, ತೆರಿಗೆ, ಕರಾರು, ಕೂಲಿ ಬಾಕಿಯ ವ್ಯಾಜ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಏನು ಕಾಣುತ್ತದೆ?

ಕಂಡದ್ದರಲ್ಲಿ ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. ಚಳಿಗಾಲದಲ್ಲಿ ಕಡಿದ ಬಿಳಿ ಪೈನ್ ದಿಮ್ಮಿಗಳನ್ನು ಹೊಳೆಯ ದಂಡೆಯಲ್ಲಿ ರಾಶಿ ಹಾಕಿ, ಹಿಮ ಕರಗಿ ನೀರು ಏರಿದಾಗ ತೇಲಿಬಿಡುತ್ತಿದ್ದರು. ಹತ್ತಾರು ಮಾಲೀಕರ ದಿಮ್ಮಿಗಳು ಒಂದೇ ಹೊಳೆಯಲ್ಲಿ ಕಲೆತು ಬರುತ್ತಿದ್ದವು. ಯಾವುದು ಯಾರದು? ದಿಮ್ಮಿಯ ತುದಿಗೆ ಸುತ್ತಿಗೆಯಿಂದ ಹೊಡೆದ ಗುರುತು ಹೇಳಬೇಕು, ಆ ಗುರುತು ನೋಂದಣಿಯಾಗಿರಬೇಕು. ಕೆಳಗಡೆ ಹೊಳೆಗೆ ಅಡ್ಡಲಾಗಿ ಸರಪಳಿ ಕಟ್ಟಿದ ಮರಗಳ ಬೇಲಿ ಹಾಕಿ ದಿಮ್ಮಿಗಳನ್ನು ತಡೆದು ವಿಂಗಡಿಸುವ ಕಂಪನಿಗೆ ವಿಧಾನಮಂಡಲದ ಸನ್ನದು ಬೇಕು, ಅದು ವಸೂಲು ಮಾಡುವ ಶುಲ್ಕಕ್ಕೆ ಮಿತಿ ಬೇಕು. ಅಳತೆಯ ಬಗ್ಗೆ ಜಗಳವಾದರೆ ಸರ್ಕಾರ ನೇಮಿಸಿದ ಪರೀಕ್ಷಕರು ಬೇಕು. ಕೂಲಿ ಸಿಗದ ಕಾರ್ಮಿಕನಿಗೆ ದಿಮ್ಮಿಯ ಮೇಲೆಯೇ ಋಣದ ಹಕ್ಕು ಬೇಕು. ಸರ್ಕಾರ ದೂರ ನಿಂತಿದ್ದ ಸ್ವಚ್ಛಂದ ಮಾರುಕಟ್ಟೆಯೆಂದು ಜನ ಕಲ್ಪಿಸಿಕೊಳ್ಳುವ ಕಾಲದಲ್ಲಿ, ಒಂದು ದಿಮ್ಮಿ ಕಾಡಿನಿಂದ ಸಾಮಿಲ್ಲಿಗೆ ತಲುಪುವ ದಾರಿಯ ಉದ್ದಕ್ಕೂ ಕಾನೂನು ಕೈಯಾಡಿಸಿತ್ತು ಎಂಬುದನ್ನು ಹರ್ಸ್ಟ್ ಪುಟ ಪುಟದಲ್ಲಿ ತೋರಿಸಿದರು.

ಇಷ್ಟೆಲ್ಲ ಚುರುಕಾಗಿದ್ದ ಕಾನೂನು, ಕಾಡು ಎಷ್ಟು ದಿನ ಬಾಳುತ್ತದೆ ಎಂದು ಮಾತ್ರ ಕೇಳಲೇ ಇಲ್ಲ. ಬೆಲೆಬಾಳುವ ಪೈನ್ ನಿಂತಿದ್ದ ಜಮೀನನ್ನೂ ಉಳುಮೆಯ ಜಮೀನಿನಂತೆಯೇ ಎಕರೆಗೆ 1.25 ಡಾಲರಿನ ಕನಿಷ್ಠ ದರಕ್ಕೆ ಒಕ್ಕೂಟ ಸರ್ಕಾರ ಮಾರಿತು, ಏಕೆಂದರೆ ಕಾಡು ಕಡಿದ ಮೇಲೆ ಹೊಲ ಬರುತ್ತದೆ ಎಂಬುದು ಎಲ್ಲರ ನಂಬಿಕೆಯಾಗಿತ್ತು. ಹೊಲ ಬರಲಿಲ್ಲ. ಉತ್ತರ ವಿಸ್ಕಾನ್ಸಿನ್‌ನ ಮರಳು ಮಿಶ್ರಿತ, ಬುಡಗಳಿಂದ ತುಂಬಿದ ನೆಲದಲ್ಲಿ ರೈತರು ಸೋತು, ತೆರಿಗೆ ಕಟ್ಟಲಾರದೆ ಜಮೀನು ಬಿಟ್ಟುಹೋದರು. ಇಲ್ಲಿ ಹರ್ಸ್ಟ್ ಅವರ ದನಿ ಕಠಿಣವಾಗುತ್ತದೆ. ಯಾರೋ ದುಷ್ಟರು ಕೂತು ಕಾಡು ನಾಶ ಮಾಡಲು ನಿರ್ಧರಿಸಿದರು ಎಂದು ಅವರು ಹೇಳುವುದಿಲ್ಲ. ಯಾರೂ ನಿರ್ಧರಿಸಲಿಲ್ಲ ಎಂಬುದೇ ಅವರ ಆರೋಪ. ತೇಲಿಕೊಂಡು ಹೋಗುವುದು ಮತ್ತು ಜಡತೆ ಎಂಬ ಎರಡು ಮಾತುಗಳು ಅವರ ಬರಹದಲ್ಲಿ ಮತ್ತೆ ಮತ್ತೆ ಬರುತ್ತವೆ, ಅವುಗಳನ್ನು ಗುರುತು ಹಾಕಿಕೊಂಡು ಓದಿ. ಸ್ವಾತಂತ್ರ್ಯ ಕೊಡಲು ಹೊರಟ ಕಾನೂನು ಮುಂದಿನ ತಲೆಮಾರಿನ ಆಯ್ಕೆಯನ್ನೇ ಕಡಿದು ಹಾಕಿದ್ದು ಹೇಗೆಂದು ತೋರಿಸಿದವರನ್ನು ಮಾರುಕಟ್ಟೆಯ ಭಟ್ಟಂಗಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಉತ್ತರ 2: ಗ್ರಂಥಪಾಲಕಿ, ಮಿಲ್ವಾಕಿ

ಹತ್ತು ವರ್ಷಗಳಿಂದ ವಿಸ್ಕಾನ್ಸಿನ್‌ನಲ್ಲಿರುವ ಕನ್ನಡತಿ ನಾನು. ಕಾನೂನು ಓದಿದವಳಲ್ಲ, ಸ್ಥಳೀಯ ಚರಿತ್ರೆಯಲ್ಲಿ ಆಸಕ್ತಿಯಿದೆ. ಮೊದಲ ಉತ್ತರ ಕೊಟ್ಟ ಸರ್ ಅವರ ಮಾತುಗಳನ್ನು ಗೌರವಿಸುತ್ತಲೇ, ಹರ್ಸ್ಟ್ ಅವರ ಆರಂಭದ ದೃಶ್ಯದಲ್ಲಿ ಕಾಣದೆ ಹೋದವರ ಬಗ್ಗೆ ಹೇಳಲೇಬೇಕೆನಿಸಿತು.

ಪೈಕ್ ಕ್ರೀಕ್ ಎಂಬ ಆ ಹಳ್ಳಿ ಮುಂದೆ ಸೌತ್‌ಪೋರ್ಟ್ ಆಗಿ, 1850ರಲ್ಲಿ ಕೆನೋಷಾ ಎಂಬ ಹೆಸರು ಪಡೆಯಿತು. ನಮ್ಮ ಊರಿನಿಂದ ದಕ್ಷಿಣಕ್ಕೆ ಒಂದು ಗಂಟೆಯ ದಾರಿ. ಲಾಥ್ರಪ್ ಅವರು ಮುದ್ರಣಯಂತ್ರವಿಟ್ಟ ಆ ನೆಲ ಅಲ್ಲಿಗೆ ಮೂರು ವರ್ಷ ಮುಂಚೆಯಷ್ಟೇ, 1833ರ ಷಿಕಾಗೋ ಒಪ್ಪಂದದಲ್ಲಿ, ಪೊಟವಾಟಮಿ ಜನಾಂಗದವರಿಂದ ಸರ್ಕಾರದ ಕೈ ಸೇರಿತ್ತು. ಮಿಸಿಸಿಪ್ಪಿ ನದಿಯ ಆಚೆಗೆ ಹೊರಟುಹೋಗಲು ಅವರಿಗೆ ಕೊಟ್ಟಿದ್ದ ಗಡುವು ಮುಗಿಯುವ ವರ್ಷವೇ 1836. ಅಂದರೆ ಕರಪತ್ರದ ಶಾಯಿ ಒಣಗುತ್ತಿದ್ದ ಹೊತ್ತಿನಲ್ಲಿ ಆ ನೆಲದ ಹಳೆಯ ಒಡೆಯರು ಗಂಟುಮೂಟೆ ಕಟ್ಟುತ್ತಿದ್ದರು. ಕೆಲವರು ಹೋಗಲು ಒಪ್ಪದೆ ಉತ್ತರದ ಕಾಡು ಸೇರಿದರು, ಅವರ ವಂಶಸ್ಥರು ಫಾರೆಸ್ಟ್ ಕೌಂಟಿ ಪೊಟವಾಟಮಿ ಎಂಬ ಸಮುದಾಯವಾಗಿ ಇಂದಿಗೂ ಇದ್ದಾರೆ. ಬಿಡುಗಡೆಯಾದ ಶಕ್ತಿ ಯಾರದು, ಅದಕ್ಕಾಗಿ ತೆರವಾದ ಜಾಗ ಯಾರದು ಎಂಬ ಎರಡು ಪ್ರಶ್ನೆಗಳಲ್ಲಿ ಹರ್ಸ್ಟ್ ಮೊದಲನೆಯದನ್ನು ಮಾತ್ರ ಮುಂದಿಟ್ಟರು ಎಂದು ನನಗೆ ಅನ್ನಿಸುತ್ತದೆ. ಬಗರ್ ಹುಕುಂ ಎಂಬ ಹೋಲಿಕೆ ಆ ಸಂಘದವರ ಅನಿಶ್ಚಿತ ಸ್ಥಿತಿಯನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಹೊರಹಾಕಲ್ಪಟ್ಟ ಮೂರನೆಯ ಪಕ್ಷವನ್ನು ಅದು ಮರೆಸುತ್ತದೆ.

ಕಾಡಿನ ವಿಷಯದಲ್ಲಿಯೂ ಒಂದು ಸಂಗತಿ ಸೇರಿಸಬೇಕು. 1837ರ ಜುಲೈ 29ರಂದು ಈಗಿನ ಮಿನೆಸೋಟಾದ ಸೇಂಟ್ ಪೀಟರ್ಸ್ ಎಂಬಲ್ಲಿ ಓಜಿಬ್ವೆ ಎಂಬ ಮೂಲನಿವಾಸಿ ಜನಾಂಗದ ಮುಖಂಡರೊಡನೆ ಆದ ಒಪ್ಪಂದವನ್ನು ಜನ ‘ಪೈನ್ ಒಪ್ಪಂದ’ವೆಂದೇ ಕರೆಯುತ್ತಾರೆ. ಸರ್ಕಾರದ ಪರವಾಗಿ ಮಾತನಾಡಿದ ವಿಸ್ಕಾನ್ಸಿನ್ ಪ್ರಾಂತ್ಯದ ಗವರ್ನರ್ ಹೆನ್ರಿ ಡಾಡ್ಜ್, ಈ ನೆಲ ಬೇಸಾಯಕ್ಕೆ ಒಗ್ಗುವಂಥದಲ್ಲ, ಇಲ್ಲಿ ಪೈನ್ ಹೇರಳವಾಗಿದೆ, ಅದಕ್ಕಾಗಿಯೇ ಸರ್ಕಾರ ಕೊಳ್ಳಬಯಸುತ್ತದೆ ಎಂಬ ಅರ್ಥದ ಮಾತುಗಳನ್ನು ಅಂದಿನ ಸಭೆಯಲ್ಲಿ ಆಡಿದ್ದು ದಾಖಲಾಗಿದೆ. ಕೊಳ್ಳುವಾಗ ಬೇಸಾಯಕ್ಕೆ ಬಾರದ ಪೈನ್ ನೆಲ, ಮಾರುವಾಗ ಎಕರೆಗೆ 1.25 ಡಾಲರಿನ ಬೇಸಾಯದ ನೆಲ! ಇದನ್ನು ಕೇವಲ ಜಡತೆಯೆಂದು ಕರೆಯಲು ನನಗೆ ಕಷ್ಟವಾಗುತ್ತದೆ. ಅದೇ ಒಪ್ಪಂದದಲ್ಲಿ ಓಜಿಬ್ವೆಯವರು ಬೇಟೆ, ಮೀನುಗಾರಿಕೆ ಮತ್ತು ಕಾಡುಬತ್ತ ಸಂಗ್ರಹದ ಹಕ್ಕನ್ನು ಉಳಿಸಿಕೊಂಡಿದ್ದರು. ಆ ಹಕ್ಕು ಇನ್ನೂ ಜೀವಂತವಾಗಿದೆಯೆಂದು ಒಕ್ಕೂಟದ ಮೇಲ್ಮನವಿ ನ್ಯಾಯಾಲಯ 1983ರಲ್ಲಿ ತೀರ್ಪು ಕೊಟ್ಟಿತು. ಒಂದೇ ಕಾಗದದ ಒಂದು ಸಾಲು ಮರುವರ್ಷದಿಂದಲೇ ಕಾಡಿಗೆ ಕೊಡಲಿ ತಂದಿತು, ಇನ್ನೊಂದು ಸಾಲು ನೂರನಾಲ್ವತ್ತಾರು ವರ್ಷ ಕಾಯಬೇಕಾಯಿತು.

ಉತ್ತರ 3: ವಕೀಲ, ಬೆಂಗಳೂರು

ಹರ್ಸ್ಟ್ ಅವರಿಗೆ ಸಿಕ್ಕ ಅತ್ಯಂತ ಗಟ್ಟಿಯಾದ ಪ್ರತ್ಯುತ್ತರ ಅಮೆರಿಕದ ಕಾನೂನು ಚರಿತ್ರಕಾರ ಮಾರ್ಟನ್ ಹಾರ್ವಿಟ್ಜ್ ಅವರದು. 1977ರಲ್ಲಿ ಬಂದ, 1780ರಿಂದ 1860ರವರೆಗಿನ ಅಮೆರಿಕದ ಕಾನೂನಿನ ರೂಪಾಂತರವನ್ನು ಕುರಿತ ಅವರ ಪುಸ್ತಕಕ್ಕೆ ಬ್ಯಾಂಕ್ರಾಫ್ಟ್ ಪ್ರಶಸ್ತಿ ಬಂತು. ನಿಮ್ಮ ಪ್ರಬಂಧದಲ್ಲಿ ಇವರಿಬ್ಬರನ್ನು ಎದುರುಬದುರು ಕೂರಿಸದೆ ಇರುವಂತಿಲ್ಲ.

ಇಬ್ಬರೂ ನೋಡಿದ ಒಂದೇ ಉದಾಹರಣೆ ತೆಗೆದುಕೊಳ್ಳೋಣ. ಮ್ಯಾಸಚೂಸೆಟ್ಸ್‌ನ ಗಿರಣಿ ಕಾಯ್ದೆಗಳ ಪ್ರಕಾರ, ಗಿರಣಿಯವನು ತನ್ನ ಜಾಗದಲ್ಲಿ ಅಣೆ ಕಟ್ಟಿ ಪಕ್ಕದ ರೈತನ ಹುಲ್ಲುಗಾವಲನ್ನು ಮುಳುಗಿಸಿದರೆ, ರೈತ ಕಾಮನ್ ಲಾ ಪ್ರಕಾರ ದಾವೆ ಹೂಡಿ ಅಣೆಯನ್ನು ಕೆಡವಿಸುವಂತಿಲ್ಲ. ಜ್ಯೂರಿ ಗೊತ್ತುಪಡಿಸಿದ ವಾರ್ಷಿಕ ಪರಿಹಾರ ತೆಗೆದುಕೊಂಡು ಸುಮ್ಮನಿರಬೇಕು. ಊರಿನ ಜೋಳ ಬೀಸುವ ಸಣ್ಣ ಗಿರಣಿಗಾಗಿ ಹುಟ್ಟಿದ ಈ ನಿಯಮ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಬಟ್ಟೆ ಗಿರಣಿಗಳ ಪಾಲಿಗೆ ವರವಾಯಿತು. ಸುಮ್ಮನಿರುವ ಆಸ್ತಿಗಿಂತ ದುಡಿಯುವ ಆಸ್ತಿಗೆ ಒಲವು ಎಂಬ ಹರ್ಸ್ಟ್ ಅವರ ಸೂತ್ರಕ್ಕೆ ಇದು ಸರಿಯಾಗಿ ಹೊಂದುತ್ತದೆ. ಹಾರ್ವಿಟ್ಜ್ ಕೇಳುವುದು: ಆ ಒಲವಿನ ವೆಚ್ಚ ಯಾರ ತಲೆಯ ಮೇಲೆ ಬಿತ್ತು? ತೆರಿಗೆ ಹಾಕಿ ಉದ್ಯಮಕ್ಕೆ ಸಹಾಯಧನ ಕೊಟ್ಟಿದ್ದರೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಮತ ಹಾಕುವವರು ಪ್ರಶ್ನಿಸುತ್ತಿದ್ದರು. ಖಾಸಗಿ ಕಾನೂನಿನ ನಿಯಮಗಳ ಒಳಗೆ ಅದನ್ನು ಅಡಗಿಸಿದ್ದರಿಂದ ರೈತ, ಕೂಲಿಕಾರ, ಗ್ರಾಹಕರು ತಮಗೆ ತಿಳಿಯದೆಯೇ ಅಭಿವೃದ್ಧಿಯ ಬಿಲ್ಲು ಕಟ್ಟಿದರು.

1842ರ ಫಾರ್ವೆಲ್ ಪ್ರಕರಣವನ್ನು ನೋಡಿ. ದಿನಕ್ಕೆ ಎರಡು ಡಾಲರ್ ಸಂಬಳದ ರೈಲು ಎಂಜಿನ್ ಚಾಲಕ ನಿಕೊಲಾಸ್ ಫಾರ್ವೆಲ್, ಸಹೋದ್ಯೋಗಿಯೊಬ್ಬ ಹಳಿಯ ಸ್ವಿಚ್ಚನ್ನು ತಪ್ಪಾಗಿ ಬಿಟ್ಟಿದ್ದರಿಂದ ಅಪಘಾತದಲ್ಲಿ ಬಲಗೈ ಕಳೆದುಕೊಂಡ. ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಮೂರ್ತಿ ಲೆಮುಯೆಲ್ ಶಾ ಪರಿಹಾರ ನಿರಾಕರಿಸಿದರು. ಅಪಾಯಕ್ಕೆ ತಕ್ಕ ಹೆಚ್ಚಿನ ಸಂಬಳವನ್ನು ಅವನು ಒಪ್ಪಿಕೊಂಡೇ ಕೆಲಸಕ್ಕೆ ಸೇರಿದ್ದಾನೆ, ಸಹೋದ್ಯೋಗಿಯ ತಪ್ಪಿಗೆ ಕಂಪನಿ ಹೊಣೆಯಲ್ಲ ಎಂಬುದು ತರ್ಕ. ಎಲ್ಲರೂ ಒಪ್ಪಿದ ಮೌಲ್ಯಗಳು ಎಂಬ ಹರ್ಸ್ಟ್ ಅವರ ಚಿತ್ರದೊಳಗೆ ಆ ಕತ್ತರಿಸಿದ ಕೈಯನ್ನು ಎಲ್ಲಿ ಇಡುವುದು? 1956ರ ಪುಸ್ತಕದಲ್ಲಿ ಗುಲಾಮಗಿರಿಗೆ ಸಿಕ್ಕಿರುವ ಜಾಗ ತೀರಾ ಕಡಿಮೆ ಎಂಬ ಆಕ್ಷೇಪವೂ ಇದೇ ಜಾತಿಯದು, ಮತ್ತು ಅದಕ್ಕೆ ತೃಪ್ತಿಕರ ಸಮಾಧಾನ ಇದೆಯೆಂದು ನನಗೆ ತೋರುವುದಿಲ್ಲ.

ಆದರೆ ಹಾರ್ವಿಟ್ಜ್ ಕೂಡ ಪ್ರಶ್ನಾತೀತರಲ್ಲ. ಕರಾರು ಕಾನೂನಿನ ಬಗ್ಗೆ ಅವರು ಹೇಳಿದ್ದನ್ನು ಇಂಗ್ಲೆಂಡಿನ ಎ. ಡಬ್ಲ್ಯು. ಬಿ. ಸಿಂಪ್ಸನ್ 1979ರಲ್ಲಿ ಬಿಡಿಬಿಡಿಯಾಗಿ ಪರೀಕ್ಷಿಸಿ ಅಲ್ಲಗಳೆದರು. ಗ್ಯಾರಿ ಶ್ವಾರ್ಟ್ಜ್ ಎಂಬವರು ಕ್ಯಾಲಿಫೋರ್ನಿಯಾ ಮತ್ತು ನ್ಯೂ ಹ್ಯಾಂಪ್‌ಷೈರ್‌ನ ತೀರ್ಪುಗಳನ್ನು ಓದಿ, ಅಪಘಾತ ಪ್ರಕರಣಗಳಲ್ಲಿ ನ್ಯಾಯಾಲಯಗಳು ಉದ್ಯಮಕ್ಕೆ ಅಷ್ಟೇನೂ ಉದಾರವಾಗಿರಲಿಲ್ಲ ಎಂದು 1981ರಲ್ಲಿ ವಾದಿಸಿದರು. ಅದಕ್ಕಿಂತ ಮುಖ್ಯವಾಗಿ, ಹಾರ್ವಿಟ್ಜ್ ಬಹುಮಟ್ಟಿಗೆ ಮೇಲಿನ ನ್ಯಾಯಾಲಯಗಳ ತೀರ್ಪುಗಳಿಗೇ ಮರಳಿದರು. ನೈತಿಕ ಪ್ರಶ್ನೆಯಲ್ಲಿ ಅವರು ಹರ್ಸ್ಟ್ ಅವರಿಗಿಂತ ಮುಂದೆ, ಸಾಮಗ್ರಿಯ ವಿಸ್ತಾರದಲ್ಲಿ ಹಿಂದೆ. ಇದು ನನ್ನ ಅಭಿಪ್ರಾಯ, ನೀವು ಓದಿ ನಿರ್ಧರಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಪೈನ್ ಒಪ್ಪಂದದ ವಿಷಯ ನನಗೆ ಸಂಪೂರ್ಣ ಹೊಸದು. ಅದನ್ನು ಓದಿದ ಮೇಲೆ ‘ಯಾರೂ ನಿರ್ಧರಿಸಲಿಲ್ಲ’ ಎಂಬ ಮಾತನ್ನು ಹಾಗೆಯೇ ಒಪ್ಪಿಕೊಳ್ಳುವುದು ಕಷ್ಟವೆನಿಸುತ್ತಿದೆ. ನಾಟಾ ಉದ್ಯಮದ ಗ್ರಂಥವನ್ನು ಅಂತರ ಗ್ರಂಥಾಲಯ ಎರವಲಿನಲ್ಲಿ ತರಿಸಲು ಅರ್ಜಿ ಹಾಕಿದ್ದೇನೆ. ಮೊದಲ ಉತ್ತರ ಕೊಟ್ಟ ಸರ್ ಅವರಲ್ಲಿ ಇನ್ನೊಂದು ಪ್ರಶ್ನೆ: ಜಡತೆಯ ವಾದ ಬಿದ್ದುಹೋದರೆ ಹರ್ಸ್ಟ್ ಅವರಲ್ಲಿ ಉಳಿಯುವುದೇನು?

ಉತ್ತರ 4: ನಿವೃತ್ತ ಕಾನೂನು ಅಧ್ಯಾಪಕ, ಮೈಸೂರು

ಮಿಲ್ವಾಕಿಯ ಮೇಡಂ ಅವರ ಮಾತನ್ನು ನಾನು ಒಪ್ಪುತ್ತೇನೆ. ಡಾಡ್ಜ್ ಅವರ ಭಾಷಣವನ್ನು ಎಕರೆ ದರದ ಪಕ್ಕದಲ್ಲಿಟ್ಟು ನಾನು ಎಂದೂ ಯೋಚಿಸಿರಲಿಲ್ಲ. ಆದರೂ ಜಡತೆಯ ವಾದ ಪೂರ್ತಿ ಬೀಳುವುದಿಲ್ಲ. ಒಪ್ಪಂದ ಮಾಡಿಕೊಳ್ಳುವ ಇಲಾಖೆಗೆ ಗೊತ್ತಿದ್ದದ್ದು ಜಮೀನು ಮಾರುವ ಇಲಾಖೆಯ ನಿಯಮದೊಳಗೆ ಇಳಿಯಲೇ ಇಲ್ಲ, ಯಾವ ಸಭೆಯೂ ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ನೋಡಲಿಲ್ಲ. ಹರ್ಸ್ಟ್ ಜಡತೆಯೆಂದು ಕರೆದದ್ದು ಇಂಥ ಸ್ಥಿತಿಯನ್ನೇ. ಅದರಿಂದ ಲಾಭ ಪಡೆದವರು ಯಾರು, ಆ ಜಡತೆ ಅವರಿಗೆ ಎಷ್ಟು ಅನುಕೂಲವಾಗಿತ್ತು ಎಂಬುದನ್ನು ಅವರು ಇನ್ನಷ್ಟು ಕೆದಕಬೇಕಿತ್ತು ಎಂಬ ದೂರು ಮಾತ್ರ ನ್ಯಾಯವಾದದ್ದು.

ಅವರ ಪುಸ್ತಕ ನಿಲ್ಲುವ 1915ನೆಯ ಇಸವಿಯನ್ನೇ ನೋಡಿ. ಆ ವರ್ಷ ವಿಸ್ಕಾನ್ಸಿನ್‌ನ ಸುಪ್ರೀಂ ಕೋರ್ಟು, ರಾಜ್ಯವೇ ಜಮೀನು ಕೊಂಡು ಕಾಡು ಬೆಳೆಸುವ ಯೋಜನೆಯನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಆಧಾರ, ರಾಜ್ಯವು ಒಳನಾಡಿನ ಸುಧಾರಣಾ ಕಾಮಗಾರಿಗಳಿಗೆ ಕೈಹಾಕಬಾರದೆಂಬ 1848ರ ಸಂವಿಧಾನದ ವಿಧಿ. 1837ರ ಆರ್ಥಿಕ ಕುಸಿತದ ನಂತರ ಕಾಲುವೆ, ರೈಲುಗಳಿಗೆ ಸಾಲ ಮಾಡಿ ಮುಳುಗಿದ ಬೇರೆ ರಾಜ್ಯಗಳನ್ನು ಕಂಡು ಹೆದರಿ ಬರೆದ ವಿಧಿ ಅದು, ಅದನ್ನು ಬರೆದವರ ತಲೆಯಲ್ಲಿ ಕಾಡು ಇದ್ದಿರಲಾರದು. 1924ರಲ್ಲಿ ಸಂವಿಧಾನ ತಿದ್ದುಪಡಿಯಾಗುವವರೆಗೆ ಆ ಅಡ್ಡಿ ಹಾಗೆಯೇ ಉಳಿಯಿತು. ಅಷ್ಟರಲ್ಲಿ ಪೈನ್ ಕಾಡು ಬಹುತೇಕ ಮುಗಿದಿತ್ತು.

ಇದಕ್ಕೆ ವ್ಯತಿರಿಕ್ತವಾದ ಕಥೆಯೂ ಇದೆ, ಅದೇ ನಿಮ್ಮ ಪ್ರಶ್ನೆಗೆ ನನ್ನ ಉತ್ತರ. 1877ರ ಓಲ್ಸನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದಿಮ್ಮಿ ತೇಲಿಸಲು ಸಾಧ್ಯವಿರುವ ಯಾವುದೇ ಹೊಳೆ ಸಾರ್ವಜನಿಕ ಹೆದ್ದಾರಿ ಎಂದು ಹೇಳಿತು. ಹೇಳಿದ್ದು ನಾಟಾ ವ್ಯಾಪಾರದ ಅನುಕೂಲಕ್ಕಾಗಿ. ದಿಮ್ಮಿಗಳು ಮುಗಿದು ದಶಕಗಳಾದ ಮೇಲೆ, 1952ರಲ್ಲಿ ಮುಯೆಂಚ್ ಎಂಬ ಪ್ರಕರಣದಲ್ಲಿ ಆ ನಿಯಮದ ಮುಂದುವರಿಕೆಯಾಗಿ, ವಿಹಾರದ ದೋಣಿ ತೇಲುವ ಹೊಳೆಯ ಮೇಲೂ ಸಾರ್ವಜನಿಕರಿಗೆ ಹಕ್ಕಿದೆ, ಅಲ್ಲಿ ಮೀನು ಹಿಡಿಯುವ, ಸೊಬಗನ್ನು ಅನುಭವಿಸುವ ಹಿತಾಸಕ್ತಿಯನ್ನೂ ಕಾನೂನು ಕಾಯಬೇಕು ಎಂಬ ನಿಲುವು ಗಟ್ಟಿಯಾಯಿತು. ಒಂದು ಕಾಲದ ಕೆಲಸಕ್ಕೆ ಮಾಡಿದ ನಿಯಮ ಇನ್ನೊಂದು ಕಾಲದಲ್ಲಿ ಏನು ಮಾಡುತ್ತದೆ ಎಂಬುದನ್ನು ತೀರ್ಪಿನ ಮಾತಿನಿಂದಲ್ಲದೆ ಹೊಳೆ, ಸಾಮಿಲ್ಲು, ತೆರಿಗೆ ಪುಸ್ತಕಗಳ ಮೂಲಕ ಹಿಂಬಾಲಿಸುವ ಕ್ರಮ ಹರ್ಸ್ಟ್ ಅವರಿಂದ ಬಂದದ್ದು. ಅವರ ನಿಲುವುಗಳಲ್ಲಿ ಎಷ್ಟು ಬಿದ್ದರೂ ಆ ಕ್ರಮ ಉಳಿಯುತ್ತದೆ. ಭಾರತದ ಮೀಸಲಾತಿ ಕಾನೂನಿನ ಮೇಲೆ 1984ರಲ್ಲಿ ದೊಡ್ಡ ಪುಸ್ತಕ ಬರೆದ ಮಾರ್ಕ್ ಗ್ಯಾಲಂಟರ್, ಅವರ ಹೆಸರು ನಿಮ್ಮ ತರಗತಿಯಲ್ಲಿ ಬಂದೇ ಬಂದಿರುತ್ತದೆ, ದೀರ್ಘಕಾಲ ಕಲಿಸಿದ್ದು ಇದೇ ವಿಸ್ಕಾನ್ಸಿನ್‌ನಲ್ಲಿ.

ಗ್ರಂಥ ಕೈಗೆ ಬಂದಾಗ ಮೊದಲ ಪುಟದಿಂದ ಶುರು ಮಾಡಬೇಡಿ, ದಣಿದುಬಿಡುತ್ತೀರಿ. ಹೊಳೆ ಮತ್ತು ಅಣೆಕಟ್ಟಿನ ಸನ್ನದುಗಳ ಭಾಗವನ್ನು ಮೊದಲು ಓದಿ, ಆಮೇಲೆ ಸರ್ಕಾರಿ ಜಮೀನಿನ ಮಾರಾಟಕ್ಕೆ ಬನ್ನಿ, ಅಡಿಟಿಪ್ಪಣಿಗಳನ್ನು ಬಿಡಬೇಡಿ. 1956ರ ಪುಸ್ತಕವನ್ನು ಕೊನೆಗೆ ಮೂರನೆಯ ಸಲ ಓದಿ, ಪೈಕ್ ಕ್ರೀಕಿನ ಆ ಮರದ ಬುಡದ ಬಳಿ ಬಂದಾಗ ಪೊಟವಾಟಮಿಯವರ ಗಡುವನ್ನು ನಿಮ್ಮ ಪ್ರತಿಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.